ಔಷಧಿಮನೆಯ ಬೋಳು ಮೆಟ್ಟಿಲು

ನಾನು ಮೊದಲ ಸಲ ಊರು ಬಿಟ್ಟು ನಡೆದದ್ದು ವಿಜಯದಶಮಿಯ ಮಾರನೆಯ ದಿನ. ಮಠದಲ್ಲಿ ಅಯ್ಯನವರು ಮರಳ ಮೇಲೆ ಕಾಗುಣಿತ ತಿದ್ದಿಸುತ್ತಿದ್ದರು. ನೀರು ಕುಡಿದು ಬರುತ್ತೇನೆಂದು ಎದ್ದವನು ಆಮೇಲೆ ಕುಡಿದದ್ದೆಲ್ಲ ಊರೂರಿನ ನೀರು. ಹಾಗೆ ಅಲೆಯುತ್ತ ಗಂಧವಾಡಿಗೆ ಬಂದಾಗ ಅಲ್ಲಿ ಡಂಗುರ ಸಾರುತ್ತಿದ್ದರು.

“ಕೇಳ್ರಪ್ಪೋ ಕೇಳ್ರೀ! ದೊರೆ ಚಿಕ್ಕಭೂಪಾಲರು ಪ್ರಜೆಗಳಿಗೆಂದೇ ಕಟ್ಟಿಸಿದ ಔಷಧಿಮನೆಗೆ ಒಂದು ನರಪಿಳ್ಳೆಯೂ ಬರುತ್ತಿಲ್ಲ. ಅದರ ಮೇಲೆ ರಾಜಮಾತೆಯವರು ಮೂರು ಒಗಟು ಕಟ್ಟಿದ್ದಾರೆ. ಬಿಡಿಸಿದವನಿಗೆ ಆ ಮನೆಯ ಪಾರುಪತ್ಯ. ತಪ್ಪಿದವನಿಗೆ ದೊರೆಗಳ ಅಪ್ಪಣೆಯಂತೆ ಶೂಲ!”

ನಾನು ಇಳಿದುಕೊಂಡದ್ದು ಮಜ್ಜಿಗೆ ಮಾರುವ ಕೆಂಚವ್ವನ ಜಗಲಿಯಲ್ಲಿ. ಕೆಮ್ಮು ಅವಳನ್ನು ಅರ್ಧ ತಿಂದಿತ್ತು.

“ಔಷಧಿಮನೆ ಕೂಗಳತೆಯಲ್ಲೇ ಅದಲ್ಲವ್ವಾ, ಹೋಗಬಾರದಾ?” ಅಂದೆ.

“ಹೋಗಿದ್ದೆ ಕಣ್ಲಾ ಪರದೇಸಿ. ಮೆಟ್ಲ ಮುಂದೆ ಒಂದ್ ಜೊತೆ ಕೆರ ಇಲ್ಲ. ಯಾರೂ ಹೋಗ್ದಿರೋ ಮನೆಗೆ ನಾವೆಂಗ್ ನುಗ್ಗಾದು? ಆದ್ರೂ ಮೊಂಡ್ ಧೈರ್ಯ ಮಾಡಿ ಕೆರ ಬಿಟ್ಟು ಒಳಕ್ಕೋದೆ. ಅಲ್ಲಿ ಮೂರ್ ಬಾಗ್ಲು. ವಾತಕ್ಕೊಂದು, ಪಿತ್ತಕ್ಕೊಂದು, ಕಫಕ್ಕೊಂದು. ‘ನಿಂದ್ಯಾವ್ದು?’ ಅಂದ ಚಾಕರ. ‘ಕೆಮ್ಮು ಕಣಪ್ಪ, ಬೆನ್ನೂ ಸೆಳೀತದೆ’ ಅಂದೆ. ‘ಅದಿರ್ಲಿ, ಯಾವ್ ಬಾಗ್ಲು ಹೇಳು’ ಅಂದ. ನಂಗೇನ್ ಗೊತ್ತು? ಹೊರಕ್ ಬಂದ್ರೆ ನನ್ ಕೆರಾನೇ ಮಾಯ! ಎದೆ ತೋರ್ಸಾಕ್ ಹೋಗಿ ಕಾಲೂ ಸುಟ್ಕಂಡ್ ಬಂದೆ.”

ನಗಲು ಹೋಗಿ ಕೆಮ್ಮಿದಳು. ಬಾಯಿಗೊತ್ತಿದ ಸೆರಗಿನಲ್ಲಿ ರಕ್ತ ಕಂಡಿತು.

ಬೆಳಗ್ಗೆ ಹೋಗಿ ಔಷಧಿಮನೆಯ ಎದುರು ಕೂತೆ. ಕನ್ನಡಿಯಂಥ ಕಪ್ಪು ಕಲ್ಲಿನ ಮೆಟ್ಟಿಲು. ಯಾರಾದರೂ ಕೆರ ಬಿಟ್ಟು ಒಳಹೋದರೆ ಸಾಕು, ಗುಡಿಸುವವರು ಅದನ್ನೆತ್ತಿ ಹಿತ್ತಿಲಿಗೆ ಒಯ್ಯುತ್ತಿದ್ದರು. ಯಾಕಣ್ಣಾ ಅಂತ ಕೇಳಿದರೆ ಒಬ್ಬ ಉಪ್ಪರಿಗೆಯ ಕಡೆ ಕಣ್ಣು ತೋರಿಸಿದ. “ದೊರೆಗಳು ಅಲ್ಲಿಂದ ನೋಡ್ತಾರೆ. ಮೆಟ್ಲು ಬೋಳಾಗಿ ಹೊಳೀಬೇಕು.”

ಕೆಂಚವ್ವನಿಗೆ ಮದ್ದು ಸಿಗಬೇಕಾದರೆ ಆ ಮನೆಯ ಪಾರುಪತ್ಯ ನನ್ನ ಕೈಗೆ ಬರಬೇಕಿತ್ತು. ಆಸ್ಥಾನಕ್ಕೆ ಹೋದೆ.

ಮುಂದೆ ಇಬ್ಬರಿದ್ದರು. ರಾಜಮಾತೆ ಮೊದಲ ಒಗಟು ಹೇಳಿದರು. “ನನ್ನ ಬಾಗಿಲಿಗೆ ಬೀಗವಿಲ್ಲ, ಕಾವಲಿಲ್ಲ, ಹಗಲೆಲ್ಲ ತೆರೆದೇ ಇದೆ. ಆದರೂ ಬಂದವರು ಹೊರಗಿನಿಂದಲೇ ತಿರುಗಿ ಹೋಗುತ್ತಾರೆ. ಅವರನ್ನು ತಡೆಯುವುದು ಏನು?”

“ದೆವ್ವ!” ಅಂದ ದಳವಾಯಿಯ ಮಗ. ಅವನನ್ನು ಎಳೆದೊಯ್ದರು. “ಅವರವರ ಗ್ರಹಚಾರ” ಅಂದರು ಜೋಯಿಸರು. ತಮ್ಮ ಗ್ರಹಚಾರ ಅವರು ನೋಡಿಕೊಂಡಿರಲಿಲ್ಲ. ಅವರ ಕೂಗು ಅಂಗಳ ದಾಟಿ ನಿಂತಿತು.

“ನೀನು ಯಾರಪ್ಪ?” ಅಂದರು ರಾಜಮಾತೆ.

“ಬೈರ, ತಾಯೀ. ಊರು ಇಂಥದ್ದೇ ಅಂತಿಲ್ಲ. ಓದು ಕಾಗುಣಿತಕ್ಕೇ ನಿಂತಿತು.”

“ಶೂಲಕ್ಕೆ ಕಾಗುಣಿತ ಬೇಡ, ನಡೆಯಲಿ” ಎಂದ ದೊರೆ. ಸಭೆ ನಕ್ಕಿತು. ನಾನು ಕೈಮುಗಿದೆ.

“ತಡೆಯುವುದು ಬೋಳು ಮೆಟ್ಟಿಲು, ತಾಯೀ. ಹೊರಗೆ ನಾಕು ಜೊತೆ ಕೆರ ಕಂಡರೆ ನಮ್ಮಂಥವರು ಒಳಗೆ ಹೋಗ್ತೇವೆ. ಇಲ್ಲದಿದ್ದರೆ ಅದು ನಮಗಲ್ಲ ಅಂದುಕೊಳ್ತೇವೆ. ಬಿಟ್ಟ ಕೆರವನ್ನು ನಿಮ್ಮವರು ಹಿತ್ತಿಲಿಗೆ ಸಾಗಿಸ್ತಾರೆ.”

ಅವರು ಎರಡನೆಯ ಒಗಟಿಗೆ ಹೊರಳಿದರು. “ದಾರಿ ತಪ್ಪಿದವನೊಬ್ಬ ದಾರಿ ಕೇಳಿದ. ‘ನಿನ್ನ ದಾರಿ ಯಾವುದೆಂದು ನೀನೇ ಹೇಳು, ಆಮೇಲೆ ಬಿಡುತ್ತೇವೆ’ ಎಂದರು. ಅವನು ನಿಂತಲ್ಲೇ ಸತ್ತ. ಎಲ್ಲಿ ಸತ್ತ?”

“ನಿಮ್ಮ ವಾತ ಪಿತ್ತ ಕಫದ ಬಾಗಿಲುಗಳ ಮುಂದೆ. ನೋವು ಎಲ್ಲಿ ಅಂತ ರೋಗಿ ಹೇಳಬಲ್ಲ. ಅದಕ್ಕೆ ಹೆಸರಿಡೋದು ವೈದ್ಯರ ಕೆಲಸ.”

ರಾಜಮಾತೆ ಮೂರನೆಯದನ್ನು ಹೇಳಿದರು. “ಸಾವಿರ ಜನಕ್ಕೆ ಅಡುಗೆಯಾಗಿದೆ. ಉಪ್ಪು ನೋಡಿದವನು ಒಬ್ಬನೇ. ಅವನೋ, ಆ ಪಂಕ್ತಿಯಲ್ಲಿ ಎಂದೂ ಕೂರದವನು. ಯಾರು?”

ಉತ್ತರ ಎದುರಿಗೇ ಸಿಂಹಾಸನದಲ್ಲಿ ಕೂತಿತ್ತು.

“ದೊರೆಗಳು, ತಾಯೀ. ಔಷಧಿಮನೆ ಉಪ್ಪರಿಗೆಯಿಂದ ಚೆನ್ನಾಗಿ ಕಂಡರೆ ಸಾಕು ಅಂತ ಎಲ್ಲರೂ ದುಡೀತಿದ್ದಾರೆ.”

ರಾಜಮಾತೆ ಮಗನತ್ತ ತಿರುಗಿದರು. “ಇದನ್ನೇ ನಾನು ಹೇಳಿದ್ದರೆ ನೀನು ಮುದುಕಿಯ ಗೊಣಗಾಟ ಅನ್ನುತ್ತಿದ್ದೆ. ಮೂರೂ ಸರಿ. ಕೊಟ್ಟ ಮಾತು ನಡೆಸು.”

ದೊರೆ ನಡೆಸಿದ. ಶಾಲು ಬಂತು, ಮನೆ ಬಂತು, ಹೋದಲ್ಲೆಲ್ಲ ಮುಂದೆ ನಿಂತು “ದಾರಿ ಬಿಡಿ” ಎಂದು ಕೂಗುವ ಕೋಲುಕಾರನೂ ಬಂದ. ಮೂರು ಬಾಗಿಲು ಒಂದು ಮಾಡಿ ಅಂದೆ. ಪಿತ್ತದ ಪಂಡಿತರು ಕಫದವರ ಜೊತೆ ಒಂದೇ ಚಾಪೆಯಲ್ಲಿ ಹೇಗೆ ಕೂರುವುದೆಂದು ಮಂತ್ರಿಗಳು ಯೋಚಿಸತೊಡಗಿದರು. ಮೆಟ್ಟಿಲ ಮೇಲೆ ಕೆರ ಕಾಣಲಿ ಅಂದೆ. ಅದಕ್ಕೆ ತಕ್ಷಣ ಅಪ್ಪಣೆಯಾಯಿತು. ಬೆಳ್ಳಿಯ ಪಾದುಕೆ ಎರಕ ಹೊಯ್ಯಿಸಿ ಮೆಟ್ಟಿಲಿಗೇ ಕೂರಿಸಿದರು. ಜನ ದೊರೆಯೇ ಒಳಗಿದ್ದಾರೆಂದು ದೂರದಿಂದಲೇ ಕೈಮುಗಿದು ಹಿಂದಿರುಗಿದರು.

ಕೆಂಚವ್ವನ ಬಳಿಗೆ ಓಡಿದೆ. ಕೋಲುಕಾರ ನನಗಿಂತ ಮುಂಚೆಯೇ ಬೀದಿಯಲ್ಲಿ ಕೂಗಿಯಾಗಿತ್ತು. ಅವಳು ಜಗಲಿಯಿಂದ ಇಳಿದು, ಸೆರಗು ಹೊದ್ದು ನಿಂತಿದ್ದಳು.

“ಕೆಮ್ಮು ಹೆಂಗದವ್ವಾ?”

“ಏನಿಲ್ಲ ಬುದ್ಧೀ. ಎಲ್ಲಾ ಚೆನ್ನಾಗದೆ.”

“ನಾನು ಕಣವ್ವ, ಆ ಪರದೇಸಿ! ಬಾ, ನಾನೇ ಕರಕೊಂಡು ಹೋಗ್ತೀನಿ.”

“ದೊಡ್ಡೋರ ಜೊತೆ ನಾನ್ಯಾಕೆ ಬುದ್ಧೀ? ದೊರೆಗಳ ಔಷಧಿಮನೆ ಶ್ಯಾನೆ ಚೆನ್ನಾಗದೆ.”

ಶಾಲು ಕಿತ್ತೆಸೆದೆ. ಕೋಲುಕಾರನನ್ನು ಅಟ್ಟಿದೆ. ನೆಲಕ್ಕೆ ಕೂತು ಮಜ್ಜಿಗೆ ಕೇಳಿದೆ. ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನಾನು ಕುಡಿದು ಮುಗಿಸುವ ತನಕ ಕೆಮ್ಮನ್ನು ಬಿಗಿಹಿಡಿದೇ ನಿಂತಿದ್ದಳು. ಮಾರನೆಯ ದಿನ ವೈದ್ಯರನ್ನೇ ಕರೆದೊಯ್ದೆ. ಮನೆಗೆ ಬೀಗ ಹಾಕಿತ್ತು. ನಾವು ಬರುವ ಸುದ್ದಿ ಕೇಳಿ ಹಿತ್ತಿಲಿಂದ ಹೋಗಿದ್ದಳಂತೆ. ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಎಲ್ಲಾ ಚೆನ್ನಾಗದೆ.

ಆಷಾಢ ಕಳೆಯುವುದರೊಳಗೆ ಅವಳು ಸತ್ತಳು. ಮಂತ್ರಿಗಳು ಚಾಪೆಯ ವಿಚಾರ ಇನ್ನೂ ಮುಗಿಸಿರಲಿಲ್ಲ.

ಈಗ ಶಾಲು ಮಡಿಸಿ ಮಣೆಯ ಮೇಲಿಟ್ಟಿದ್ದೇನೆ. ಕಂಬಳಿ ಸುತ್ತಿ, ಒಂದಿಷ್ಟು ಅವಲಕ್ಕಿ ಗಂಟಿಗೆ ಹಾಕಿಕೊಂಡೆ. ಗುರುತಿಲ್ಲದ ಊರಿಗೆ ಹೋದರೆ ಯಾರಾದರೂ ಜಗಲಿಯಲ್ಲಿ ಕೂರಿಸಿಕೊಂಡು ನಿಜ ಹೇಳಿಯಾರು, ಇಲ್ಲ ಬೈದಾದರೂ ಬೈದಾರು.

“ಯಾವ ಕಡೆಗೆ ಸವಾರಿ, ಬುದ್ಧೀ?” ಎಂದು ಕೋಲುಕಾರ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾನೆ. ನಾನು ಗಂಟು ಬಿಗಿಯುತ್ತಿದ್ದೇನೆ.