ಬೋರಲಿಂಗ ಪರದೆ ತಂದದ್ದು

ಕೇಳುವವರು ಹತ್ತಿರ ಬನ್ನಿ, ನಗುವವರು ಇನ್ನೂ ಹತ್ತಿರ ಬನ್ನಿ. ಅರಸೀಕೆರೆಯ ಒಂದು ಬೀದಿಯಲ್ಲಿ ಪುಟ್ಟಗೌರಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಬೋರಲಿಂಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವಳ ಸಂಕಟ. ಗಿಡಕ್ಕೆ ದಿನಾ ನೀರು ಹಾಕೋ ಅಂದರೆ ಜಡಿಮಳೆಯಲ್ಲೂ ಕೊಡೆ ಹಿಡಿದು ನೀರು ಹಾಕುವವನು.

ಪುಟ್ಟಗೌರಮ್ಮನದು ಕಂಪ್ಯೂಟರ್ ಗೇಮಿನ ಅಂಗಡಿ. ಇದ್ದದ್ದು ಒಂದೇ ಕಂಪ್ಯೂಟರು, ಅದರ ಪರದೆಯೂ ಸುಟ್ಟು ಕೂತಿತ್ತು. ಎದುರು ಅಂಗಡಿಯ ಕಾಂತರಾಜು ಗೋಡೆಯಗಲದ ಟೀವಿ ತಂದು ಊರ ಹುಡುಗರನ್ನೆಲ್ಲ ಎಳೆದುಕೊಂಡಿದ್ದ. ಅಷ್ಟು ಸಾಲದು ಅಂತ ಸವಾಲು ಬೇರೆ ಹಾಕಿದ. ಭಾನುವಾರ ಇಂಟರ್ನೆಟ್ಟಿನಲ್ಲಿ ಕಾರ್ ರೇಸಿನ ಆಟ. ಅವರವರ ಅಂಗಡಿಯಲ್ಲಿ ಕೂತು ಅವರವರ ಪರದೆಯಲ್ಲೇ ಆಡಬೇಕು, ಗೆದ್ದವರಿಗೆ ಸೋತವರ ಪರದೆ. ಪುಟ್ಟಗೌರಮ್ಮ ರೋಷದಲ್ಲಿ ಬೀದಿಯವರೆಲ್ಲರ ಎದುರು ಹೂಂ ಅಂದುಬಿಟ್ಟಳು. ಆಮೇಲೆ ಒಳಗೆ ಬಂದು ಎದೆ ಹಿಡಿದುಕೊಂಡಳು. ಹೊಸ ಪರದೆ ತಂದು ಅದೂ ಹೋದರೆ ಅಂಗಡಿಗೆ ಬೀಗ ಹಾಕುವುದೇ ಸೈ.

ಆಡುವವನ ಚಿಂತೆ ಇರಲಿಲ್ಲ. ದೇವರು ಬೋರಲಿಂಗನ ತಲೆಗೆ ಹಾಕಬೇಕಾದ ಬುದ್ಧಿಯನ್ನೆಲ್ಲ ಬೆರಳಿಗೆ ಹಾಕಿದ್ದ. ಚಿಂತೆ ಪರದೆಯದ್ದು. ಮಂಡಿನೋವಿನಿಂದ ತಾನೇ ಹೋಗಲಾರದೆ ಮಗನನ್ನು ಕರೆದಳು. ಪೇಟೆಯ ಸಿದ್ಧರಾಮಪ್ಪ ಅವಳ ತವರಿನ ಕಡೆಯವನು, ಟೀವಿಯಿಂದ ಬೀರುವಿನವರೆಗೆ ಎಲ್ಲವನ್ನೂ ಮಾರುವವನು.

"ಹೋಗು, ಅವನ ಅಂಗಡೀಲಿ ಇರೋದ್ರಲ್ಲೆಲ್ಲ ದೊಡ್ಡದನ್ನ ತಗೊಂಡು ಬಾ" ಅಂದಳು.

ಆಗಲಮ್ಮ ಅಂದ, ಹೋದ, ಅಂಗಡಿಯನ್ನೆಲ್ಲ ಸುತ್ತಿ ನೋಡಿದ, ಎಲ್ಲಕ್ಕಿಂತ ದೊಡ್ಡದನ್ನೇ ತಂದ. ಎರಡು ಬಾಗಿಲಿನ ಫ್ರಿಜ್ಜು! ಅದಕ್ಕಿಂತ ದೊಡ್ಡದು ಅಲ್ಲಿ ಇರಲಿಲ್ಲಮ್ಮ ಅಂತ ಆಣೆ ಇಟ್ಟ. ಪುಟ್ಟಗೌರಮ್ಮ ಹಣೆ ಚಚ್ಚಿಕೊಂಡಳು.

"ಪೆದ್ದಪ್ಪಾ, ಎದುರಿಗೆ ನಿಂತು ನೋಡಬೇಕಿತ್ತು ಕಣೋ. ಚಿತ್ರ ಕಾಣುತ್ತಾ, ಬಣ್ಣ ಸರಿಯಾಗಿದ್ಯಾ ಅಂತ ನೋಡಿ ತರಬೇಕಿತ್ತು."

"ಆಗಲಮ್ಮ, ಇನ್ನುಮೇಲೆ ಹಾಗೇ ಮಾಡ್ತೀನಿ."

ಫ್ರಿಜ್ಜು ಹಿಂದಕ್ಕೆ ಹೋಯಿತು. ಬೋರಲಿಂಗ ಒಂದೊಂದು ಟೀವಿಯ ಎದುರಿಗೂ ನಿಂತ. ಎಲ್ಲ ಆರಿಸಿಟ್ಟವು, ಬರೀ ಕಪ್ಪು. ಮೂಲೆಯಲ್ಲಿ ಒಂದರ ಎದುರು ನಿಂತರೆ ಆಹಾ, ಎಂಥ ಚಿತ್ರ, ಎಂಥ ಬಣ್ಣ! ಇವನು ಕೈ ಎತ್ತಿದರೆ ಅದೂ ಕೈ ಎತ್ತಿತು, ಇವನು ತಲೆ ಕೆರೆದರೆ ಅದೂ ಕೆರೆಯಿತು, ಚೂರೂ ತಡವಿಲ್ಲ. ಹೊರಿಸಿಕೊಂಡು ಬಂದ. ಕನ್ನಡಿ ಬೀರು. ಪುಟ್ಟಗೌರಮ್ಮ ಅದರೊಳಗೆ ತನ್ನ ಅಳುಮೋರೆಯನ್ನೇ ಕಂಡಳು.

"ಟೀವಿ ತರಬೇಕಿತ್ತು ಕಣೋ, ಕಾಂತರಾಜು ಇಟ್ಟಿರೋಂಥದ್ದು. ತಂದು ಮೇಜಿನ ಮೇಲಿಟ್ಟು, ಮುಂದೆ ಕೂತು ಆಡಬೇಕಿತ್ತು."

"ಆಗಲಮ್ಮ, ಇನ್ನುಮೇಲೆ ಹಾಗೇ ಮಾಡ್ತೀನಿ."

ಈ ಸಲ ಟೀವಿಯನ್ನೇ ತಂದ. ಕಾಂತರಾಜುವಿನದರಷ್ಟೇ ಅಗಲ, ಮೇಜಿನ ಎರಡೂ ಕಡೆ ಚಾಚಿಕೊಂಡಿತು. ಪುಟ್ಟಗೌರಮ್ಮನಿಗೆ ಜೀವ ಬಂತು. ಮಗ ಮೇಜಿಗೆ ಎದೆ ತಾಗಿಸಿ ಕೂತ, ಪರದೆಗೆ ಮೂಗು ತಾಗುವುದೊಂದು ಬಾಕಿ. ಎಡಮೂಲೆಯಲ್ಲಿ ಕಾರಿನ ವೇಗ, ಬಲಮೂಲೆಯಲ್ಲಿ ದಾರಿಯ ನಕ್ಷೆ. ಅದನ್ನು ನೋಡಲು ಕತ್ತು ಅತ್ತ, ಇದನ್ನು ನೋಡಲು ಕತ್ತು ಇತ್ತ, ಅಷ್ಟರಲ್ಲಿ ಕಾರು ಹಳ್ಳದಲ್ಲಿ. ಮೇಲಾಗಿ ಇವನು ಗುಂಡಿ ಒತ್ತಿದರೆ ಕಾರು ಕೊಂಚ ಯೋಚನೆ ಮಾಡಿ ತಿರುಗುತ್ತಿತ್ತು. ಬೀರುವಿನೊಳಗಿದ್ದವನು ಹೀಗೆ ತಡ ಮಾಡ್ತಿರಲಿಲ್ಲ ಅಂತ ಗೊಣಗಿದ. ಅವಳಿಗೆ ರೇಗಿಹೋಯಿತು.

"ದೊಡ್ಡದನ್ನ ದೂರದಿಂದ ನೋಡಬೇಕು. ಹತ್ತಿರ ಕೂರೋದಾದ್ರೆ ಚಿಕ್ಕದನ್ನ ತರಬೇಕು. ಅಷ್ಟೂ ತಿಳಿಯಲ್ವೇನೋ?"

"ಆಗಲಮ್ಮ, ಇನ್ನುಮೇಲೆ ಹಾಗೇ ಮಾಡ್ತೀನಿ."

ಸಿಟ್ಟಿನಲ್ಲಿ ಅಂದ ಮಾತು, ಅಂದವಳಿಗೇ ನೆನಪಿರಲಿಲ್ಲ. ಭಾನುವಾರ ಬೆಳಗ್ಗೆ ಎದ್ದು ನೋಡುತ್ತಾಳೆ, ಟೀವಿಯೂ ಇಲ್ಲ, ಮಗನೂ ಇಲ್ಲ. ಅವನು ಸಿದ್ಧರಾಮಪ್ಪನ ಅಂಗಡಿಯಲ್ಲಿ ಚಿಕ್ಕ ಪರದೆಗಳ ಮುಂದೆ ಕೈ ಎತ್ತುತ್ತ, ತಲೆ ಕೆರೆಯುತ್ತ ನಿಂತಿದ್ದ. ಒಂದೂ ತಿರುಗಿ ಕೆರೆಯಲಿಲ್ಲ. ಪೀಡೆ ತೊಲಗಲಿ ಅಂತ ಸಿದ್ಧರಾಮಪ್ಪ ಒಂದೊಂದಕ್ಕೂ ಕಂಪ್ಯೂಟರು ಸಿಕ್ಕಿಸಿ ಆಟ ಹಾಕಿಕೊಟ್ಟ. ಒಂದು ಮಾನಿಟರಿನಲ್ಲಿ ಬೆರಳು ಅಲುಗಿದ ಹಾಗೇ ಕಾರು ಅಲುಗಿತು. ಬೀರುವಿನವನು ಇವನೇ ಅಂತ ಬೋರಲಿಂಗ ಅದನ್ನು ಕಂಕುಳಲ್ಲಿ ಇರುಕಿಕೊಂಡು ಬಂದ.

ಬೀದಿ ತುಂಬ ಜನ ಸೇರಿತ್ತು. ಆ ಮಾನಿಟರು ನೋಡಿ ಕಾಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕ, ಇದೇನು ಹಪ್ಪಳದ ತಟ್ಟೆಯೋ ಅಂದ. ಪುಟ್ಟಗೌರಮ್ಮ ಗಲ್ಲಾಪೆಟ್ಟಿಗೆಯ ಹಿಂದೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜನರೆಲ್ಲ ದೊಡ್ಡ ಪರದೆ ಇರುವ ಕಡೆಗೇ ಹೋದರು. ಅವರಿಗೆ ಕಾಣಲಿ ಅಂತ ಕಾಂತರಾಜು ಟೀವಿಯ ಬುಡದಲ್ಲೇ ಕುಕ್ಕರಿಸಿದ.

ಆಟ ಶುರುವಾಯಿತು. ಅವಳು ನೋಡಲಿಲ್ಲ, ಕೇಳಿದಳು. ಮೊದಲು ಎದುರಿಂದ ಕೇಕೆ. ಕಾಂತರಾಜು ಮುಂದಿದ್ದಾನೆ ಅಂತ ಸೆರಗನ್ನು ಮುಖಕ್ಕೆ ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಆಮೇಲೆ "ಅಯ್ಯೋ ಬಲಗಡೆ, ಬಲಗಡೆ ನೋಡು" ಅನ್ನುವ ಕೂಗು. ಆಮೇಲೆ ಒಂದು ದೊಡ್ಡ ಉಸ್ಸು. ಸೆರಗು ಸರಿಸಿ ನೋಡಿದಳು. ಮಗನ ಕತ್ತು ಅಲುಗುತ್ತಿಲ್ಲ, ಕಣ್ಣು ಅಲುಗುತ್ತಿಲ್ಲ. ಇಡೀ ರಸ್ತೆ ಒಂದೇ ನೋಟಕ್ಕೆ ಸಿಕ್ಕಿದೆ, ಬೆರಳು ಕುಣಿಯುತ್ತಿವೆ, ಕಾರು ಬೆರಳಿನ ಜೊತೆಗೇ ಕುಣಿಯುತ್ತಿದೆ. ಎದುರಿನ ಜನ ಕಾಂತರಾಜುವಿನ ಟೀವಿಯಲ್ಲೇ ನೋಡಿ, "ಬೋರ ಗೆದ್ದ!" ಅಂತ ಕೂಗಿದರು.

ಪುಟ್ಟಗೌರಮ್ಮನ ಮಂಡಿನೋವು ಎತ್ತ ಹೋಯಿತೋ! ಹೋಗಿ ಆ ಟೀವಿ ತಂದು ಹಾಕೋ ಮಗನೇ ಅಂದವಳೇ ಬೀದಿಗೆಲ್ಲ ಕೇಸರಿಬಾತು ಮಾಡಲು ಒಳಗೆ ಓಡಿದಳು. ಪಾತ್ರೆ ಹಿಡಿದು ಹೊರಗೆ ಬಂದರೆ ಅಂಗಡಿಯೊಳಗೆ ಟೀವಿ ಇಲ್ಲ, ಮಗನೂ ಇಲ್ಲ. ಟೀವಿ ಅಂಗಡಿಯ ಹೊರಗೋಡೆಗೆ ಬೀದಿಯ ಕಡೆ ಮುಖ ಮಾಡಿ ನೇತಾಡುತ್ತಿದೆ. ಮಗ ಬೀದಿ ದಾಟಿ ಕಾಂತರಾಜುವಿನ ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತಿದ್ದಾನೆ.

"ಇದೇನೋ ಹೀಗೆ ಹಾಕಿದ್ದೀಯ?"

"ದೊಡ್ಡದನ್ನ ದೂರದಿಂದ ನೋಡಬೇಕು ಅಂದಿದ್ದೆಯಲ್ಲಮ್ಮ."

ಬೈಯಲು ಬಾಯಿ ತೆರೆದಳು, ತೆರೆದದ್ದು ಹಾಗೇ ನಿಂತಿತು. ಊರ ಹುಡುಗರೆಲ್ಲ ಅವಳ ಅಂಗಡಿಗೆ ಸಾಲು ನಿಂತಿದ್ದರು. ಒಬ್ಬ ಒಳಗೆ ಮಾನಿಟರಿನಲ್ಲಿ ಆಡುತ್ತಿದ್ದ, ಉಳಿದ ಬೀದಿಯೆಲ್ಲ ಎದುರು ಮೆಟ್ಟಿಲಿನಿಂದ ಟೀವಿಯಲ್ಲಿ ಅದೇ ಆಟ ನೋಡುತ್ತಿತ್ತು. ಕಾಂತರಾಜು ಕೂಡ ತನ್ನ ಸ್ಟೂಲು ಹೊರಗೆ ಹಾಕಿಕೊಂಡಿದ್ದ.

ಪುಟ್ಟಗೌರಮ್ಮನ ಕಣ್ಣು ತುಂಬಿಬಂತು. ಬೀದಿ ದಾಟಿ ಹೋಗಿ, "ಬಾಯಿ ತೆಗಿ ನನ್ನಪ್ಪ" ಅಂತ ಮೊದಲ ತುತ್ತನ್ನು ಮಗನ ಬಾಯಿಗಿಟ್ಟಳು.

ಅವನು ತೆರೆದ ಬಾಯಿ ಮುಚ್ಚಲಿಲ್ಲ. ಕೇಸರಿಬಾತು ಬಾಯಲ್ಲೇ, ಕಣ್ಣು ಅಮ್ಮನ ಮೇಲೇ. ತೆಗಿ ಅಂದಿದ್ದಳು, ಅಗಿ ಅಂದಿರಲಿಲ್ಲ. ಅವಳೋ ಸಂತೋಷದಲ್ಲಿ ಮುಂದಿನವರಿಗೆ ಬಡಿಸುತ್ತ ಹೋದಳು. ನೀವು ಯಾರಾದರೂ ಅರಸೀಕೆರೆ ಕಡೆ ಹೋದರೆ, ಆ ಮೆಟ್ಟಿಲ ಹತ್ತಿರ ನಿಂತು, ಅಗಿಯಪ್ಪ ಅಂತ ಒಂದು ಮಾತು ಹೇಳಿ ಬನ್ನಿ.