ಮೊರ ಬಿಟ್ಟದ್ದು

ರಾಗಿ ಕಣದಲ್ಲಿ ಹಳೆಯ ಮೊರವೊಂದು ಗಾಳಿಗಾಗಿ ಕಾಯುತ್ತಿತ್ತು. ಪಕ್ಕದ ಹುಲ್ಲಿನ ಮೆದೆಯ ಮೇಲೆ ಕ್ಯಾಮೆರಾ ಪೇಚಾಡುತ್ತಿತ್ತು.

"ಅಜ್ಜಿ, ಬೆಳಗಿನಿಂದ ಆರುನೂರು ಚಿತ್ರ ತೆಗೆದು ಹೊಟ್ಟೆ ಭರ್ತಿಯಾಗಿದೆ. ಒಳ್ಳೆಯ ಬಿಸಿಲು ಈಗ ಬೀಳುತ್ತಿದೆ, ಇನ್ನೊಂದಕ್ಕೂ ಜಾಗವಿಲ್ಲ."

"ಜೊಳ್ಳು ಬಿಡು, ಮಗು."

"ಯಾವುದನ್ನು ಜೊಳ್ಳು ಅನ್ನಲಿ? ಹೊಲದಂಚಿನ ಅವರೆಕಾಯಿಯ ಸೊಗಡು ಹಿಡಿಯಲೆಂದೇ ಇಪ್ಪತ್ತು ತೆಗೆದಿದ್ದೇನೆ."

"ಸೊಗಡು ಬಂತೇ?"

ಕ್ಯಾಮೆರಾ ಒಂದೊಂದಾಗಿ ನೋಡಿತು. ಇಪ್ಪತ್ತರಲ್ಲೂ ಬರೀ ಕಾಯಿ ಇತ್ತು. ಮನಸ್ಸಿಲ್ಲದಿದ್ದರೂ ಅಷ್ಟನ್ನೂ ಅಳಿಸಿತು.

ಅಷ್ಟರಲ್ಲಿ ಗಾಳಿ ಎದ್ದಿತು. ಮೊರ ಒಡತಿಯ ಕೈಯಲ್ಲಿ ಮೇಲೇರಿ ರಾಗಿ ತೂರಿತು. ಕಾಳು ನೆಟ್ಟಗೆ ಕೆಳಗಿಳಿಯಿತು, ಜೊಳ್ಳು ದೂರ ಹಾರಿತು. ಕ್ಯಾಮೆರಾ ಒಂದೇ ಸಲ ಕಣ್ಣು ಮಿಟುಕಿಸಿತು.

"ರಾಶಿ ಚೆನ್ನಾಗಿ ಬಂತೇ?" ಎಂದು ಮೊರ ಕೇಳಿತು.

"ರಾಶಿಯನ್ನು ತೆಗೆಯಲಿಲ್ಲ ಅಜ್ಜಿ. ನೀನೇ ನೋಡು."

ಚಿತ್ರದಲ್ಲಿ ಒಂದು ಕಾಳೂ ಇರಲಿಲ್ಲ. ಹಾರಿದ ಜೊಳ್ಳು ಇಳಿಬಿಸಿಲಿಗೆ ಸಿಕ್ಕಿ ಕಣದ ತುಂಬ ಹೊನ್ನಾಗಿ ನಿಂತಿತ್ತು.

ಅಷ್ಟೊಂದು ಸುಗ್ಗಿ ಕಂಡಿದ್ದ ಮೊರ, ತಾನು ಬಿಟ್ಟದ್ದನ್ನು ತಿರುಗಿ ನೋಡಿದ್ದು ಅಂದೇ ಮೊದಲು.