ಮಾರ್ಸಲಿ ಮುಚ್ಚಿಟ್ಟ ಕೆಂಡ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸ್ಕಾಟ್ಲೆಂಡಿನ ಗುಡ್ಡವೊಂದರ ಮೇಲೆ ಮಾರ್ಸಲಿ ಎಂಬ ರೈತ ಹೆಂಗಸಿನ ಮನೆಯಿತ್ತು. ಅವಳ ಒಲೆ ಮೂರು ತಲೆಮಾರಿನಿಂದ ಆರಿರಲಿಲ್ಲ; ಅವಳ ಅತ್ತೆ, ಅತ್ತೆಯ ಅತ್ತೆ ಕಾಪಾಡಿಕೊಂಡು ಬಂದ ಬೆಂಕಿ ಅದು. ದಿನಾ ಮಲಗುವ ಮುಂಚೆ ಕೆಂಡಕ್ಕೆ ಬೂದಿ ಮುಚ್ಚುವುದು, ಬೆಳಗ್ಗೆ ಬೂದಿ ಸರಿಸಿ ಊದುವುದು. ಜಮೀನ್ದಾರ ತನ್ನ ಕುರಿಗಳ ಮೇವಿಗಾಗಿ ಗುಡ್ಡದ ಜನರನ್ನೆಲ್ಲ ಒಕ್ಕಲೆಬ್ಬಿಸಿದ ದಿನವೂ ಮಾರ್ಸಲಿ ರೂಢಿ ಬಿಡದೆ ಕೆಂಡ ಮುಚ್ಚಿಯೇ ಹೊರಟಳು.

"ಬೆಳಗಾಯಿತೇ?" ಎಂದು ಕೆಂಡ ಕೇಳಿತು.

"ಇನ್ನೂ ಇಲ್ಲ, ಸುಮ್ಮನೆ ಮಲಗಿರು," ಎಂದಿತು ಬೂದಿ. ನಿಜ ಹೇಳಲು ಅದಕ್ಕೆ ಬಾಯಿ ಬರಲಿಲ್ಲ.

ಕೆಂಡ ನಂಬಿತು. ಮಾರ್ಸಲಿ ಬಂದಾಗ ಒಂದು ಕಿಡಿಯಾದರೂ ಸಿಗಲೆಂದು ಉಸಿರು ಬಿಗಿಹಿಡಿದು ಕಾದು ಕುಳಿತಿತು. ಎರಡನೆಯ ದಿನ ಜಮೀನ್ದಾರನ ಆಳುಗಳು ಬಂದು ಸೂರು ಕಿತ್ತರು. ಒಳಗೆ ನುಗ್ಗಿದ ಕುರಿಯೊಂದು ಇನ್ನೊಂದಕ್ಕೆ, "ಈ ಮನೆಯವರು ಆಗಲೇ ಪರದೇಶದ ಹಡಗು ಹತ್ತಿಯಾಯಿತು," ಎಂದಿತು.

ಕೆಂಡ ಚೀರಿತು: "ಬೂದಿಯೇ, ಸರಿದುಕೋ! ಒಂದೇ ಒಂದು ಸಲ ಉರಿದು ಸಾಯುತ್ತೇನೆ."

"ಸರಿದು ಏನು ಮಾಡಲಿ?" ಎಂದಿತು ಬೂದಿ. "ನಿನ್ನನ್ನು ನೀನೇ ನೋಡಿಕೋ."

ಕೆಂಡ ನೋಡಿಕೊಂಡಿತು. ಅಲ್ಲಿ ಬರೀ ಬೂದಿಯಿತ್ತು.